ಗಲ್ಲಾಪೆಟ್ಟಿಗೆಯಲ್ಲಿನ ನೋವಿನ ಮಾತ್ರೆ: ಮಾಲಕರು ತಿಳಿದಿರಬೇಕಾದ ವಿಷಯಗಳು



ನಮ್ಮ ಹೋಟೆಲ್ ಇರುವುದು ಪುಣೆಯ ಸದಾಶಿವ ಪೇಠದಲ್ಲಿ. ನಾವು ಓದಿದ್ದು ಹತ್ತನೇ ತರಗತಿ ತನಕ ಮಾತ್ರ. ಔಷಧದ ಬಗ್ಗೆ ಬರೆಯಲು ನಮಗೇನು ಅರ್ಹತೆ ಎಂದು ಕೆಲವರು ಕೇಳಬಹುದು. ಅರ್ಹತೆ ಇಲ್ಲ, ಆದರೆ ಅನುಭವ ಇದೆ. ನಮ್ಮ ಗಲ್ಲಾಪೆಟ್ಟಿಗೆಯ ಡ್ರಾಯರಿನಲ್ಲಿ ಚಿಲ್ಲರೆ, ಬಿಲ್ ಬುಕ್ಕು, ಊದುಕಡ್ಡಿ ಇವುಗಳ ಜೊತೆ ಒಂದು ಪಟ್ಟಿ ನೋವಿನ ಮಾತ್ರೆ ಇಪ್ಪತ್ತು ವರ್ಷ ಖಾಯಂ ಇತ್ತು. ಸೊಂಟ ಹಿಡಿಯಿತು, ಕುತ್ತಿಗೆ ಉಳುಕಿತು, ಕಾಲು ಸೆಳೆಯಿತು ಎಂದು ಯಾರು ಬಂದರೂ ಒಂದು ಮಾತ್ರೆ ಹರಿದು ಕೊಡುತ್ತಿದ್ದೆವು. ಹುಡುಗರ ಮೇಲೆ ಕಾಳಜಿ ಇರುವ ಮಾಲಕರು ನಾವು ಎಂದೇ ತಿಳಿದಿದ್ದೆವು. ನಿಮ್ಮಲ್ಲಿ ಅನೇಕರ ಡ್ರಾಯರಿನಲ್ಲಿಯೂ ಅಂಥದೊಂದು ಪಟ್ಟಿ ಇರಬಹುದು. ಅದಕ್ಕಾಗಿಯೇ ಈ ಲೇಖನ.

ನಡೆದ ಸಂಗತಿ

2022ರ ಗಣೇಶೋತ್ಸವ. ಕೊರೋನಾ ಕಾರಣ ಎರಡು ವರ್ಷ ಮಂಕಾಗಿದ್ದ ಹಬ್ಬ ಆ ವರ್ಷ ಪೂರ್ತಿ ಕಳೆಗಟ್ಟಿತ್ತು. ವಿಸರ್ಜನೆಯ ಮೆರವಣಿಗೆ ಲಕ್ಷ್ಮೀ ರಸ್ತೆ, ಕುಮಠೇಕರ್ ರಸ್ತೆ, ತಿಲಕ್ ರಸ್ತೆಗಳಲ್ಲಿ ಹೋಗುವುದರಿಂದ ನಮ್ಮ ಭಾಗದ ಹೋಟೆಲುಗಳಿಗೆ ಹಗಲು ರಾತ್ರಿ ವ್ಯತ್ಯಾಸವಿಲ್ಲ. ಊರಿಗೆ ಹೋದ ಹುಡುಗರಲ್ಲಿ ಅರ್ಧ ಜನ ತಿರುಗಿ ಬಂದಿರಲಿಲ್ಲ. ದೋಸೆ ಕಾವಲಿಯ ಮುಂದೆ ನಮ್ಮ ಹಳೆಯ ಭಟ್ಟರೊಬ್ಬರೇ. ವಯಸ್ಸು ಐವತ್ತೆಂಟು, ಸೊಂಟನೋವು ಹಳೆಯದು. ಬೆಳಿಗ್ಗೆ ಐದಕ್ಕೆ ನಿಂತರೆ ರಾತ್ರಿ ಹನ್ನೊಂದು.

ಹಬ್ಬದ ಒಂಬತ್ತನೇ ದಿನ ಅವರು ಕಾವಲಿಯ ಎದುರೇ ಕುಸಿದರು. ಮುಖ ಬಿಳಿಚಿತ್ತು, ಮೈ ತಣ್ಣಗೆ. ಮೂರು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತಂತೆ, ಹಬ್ಬದ ಗಡಿಬಿಡಿಯಲ್ಲಿ ಹೇಳಿರಲಿಲ್ಲ. ಆಸ್ಪತ್ರೆಗೆ ಒಯ್ದೆವು. ಜಠರದಲ್ಲಿ ಹುಣ್ಣಾಗಿ ಒಳಗೇ ರಕ್ತ ಸೋರುತ್ತಿತ್ತು. ರಕ್ತ ಕೊಡಬೇಕಾಯಿತು.

ಡಾಕ್ಟರರು ಕೇಳಿದ ಮೊದಲ ಪ್ರಶ್ನೆ, ಯಾವ ಮಾತ್ರೆ ತಿನ್ನುತ್ತಾರೆ ಎಂದು. ನಮ್ಮ ಜೇಬಿನಲ್ಲಿಯೇ ಆ ಪಟ್ಟಿ ಇತ್ತು. ತೆಗೆದು ತೋರಿಸಿದೆವು. ಅದು ಒಂದರಲ್ಲಿ ಮೂರು ಔಷಧ ಇರುವ ಮಾತ್ರೆ: ಅಸಿಕ್ಲೋಫೆನಾಕ್ 100 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325, ಕ್ಲೋರ್‌ಜಾಕ್ಸಜೋನ್ 250. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಚಹಾದ ಜೊತೆ ಒಂದು, ರಾತ್ರಿ ಒಂದು. ಅದು ಸಾಲದೆಂದು ಭಟ್ಟರು ಮಧ್ಯಾಹ್ನ ಮೆಡಿಕಲ್ ಅಂಗಡಿಯಿಂದ ತಾವೇ ಡೈಕ್ಲೋಫೆನಾಕ್ ತಂದು ತಿನ್ನುತ್ತಿದ್ದರು. ಮೈ ಬಿಸಿ ಎನಿಸಿದರೆ ಮೇಲಿಂದ 650ರ ಪ್ಯಾರಾಸಿಟಮಾಲ್.

ಡಾಕ್ಟರರು ಚೀಟಿಯ ಹಿಂದೆ ನಮ್ಮ ಜಮಾ ಖರ್ಚಿನ ಹಾಗೆ ಬರೆದು ತೋರಿಸಿದರು. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್ ಒಂದೇ ಜಾತಿಯವು, ಒಟ್ಟಿಗೆ ತಿನ್ನಲೇಬಾರದು. ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಒಳಗೆ ಹೋಗಿದೆ. ಮೂರನೆಯದು ನಿದ್ದೆ ತರುವ ಔಷಧ, ಅದನ್ನು ತಿಂದು ಇವರು ಬಿಸಿ ಕಾವಲಿಯ ಮುಂದೆ ನಿಂತಿದ್ದರು. “ಇದನ್ನು ಕೊಟ್ಟವರು ಯಾರು?” ಎಂದು ಕೇಳಿದರು. ನಾವು ಎಂದೆವು.

ಆ ಚೀಟಿ ಇಂದಿಗೂ ನಮ್ಮಲ್ಲಿದೆ. ಅದನ್ನು ಹಿಡಿದುಕೊಂಡು ಡಾಕ್ಟರರನ್ನೂ ನಮ್ಮ ಗಲ್ಲಿಯ ಮೆಡಿಕಲ್ ಅಂಗಡಿಯವರನ್ನೂ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಕೆಳಗೆ ಬರೆದಿದ್ದೇವೆ.

ಹೆಸರು ಬೇರೆ, ಹಿಟ್ಟು ಒಂದೇ

ಮೊದಲ ಪಾಠ ಇದು. ಒಂದೇ ಹಿಟ್ಟಿನಿಂದ ನಾವು ಸಾದಾ, ಮಸಾಲೆ, ಈರುಳ್ಳಿ ದೋಸೆ ಎಂದು ಮೂರು ಹೆಸರಿನಲ್ಲಿ ಕೊಡುತ್ತೇವೆ. ಔಷಧ ಕಂಪೆನಿಗಳೂ ಹಾಗೆಯೇ. ಕ್ರೋಸಿನ್, ಕ್ಯಾಲ್ಪಾಲ್, ಡೋಲೋ ಎಂದು ಕೇಳುತ್ತೇವಲ್ಲ, ಮೂರರಲ್ಲಿಯೂ ಇರುವುದು ಪ್ಯಾರಾಸಿಟಮಾಲ್. ಆದ್ದರಿಂದ ಪಟ್ಟಿಯ ಮೇಲಿನ ದೊಡ್ಡ ಹೆಸರು ನೋಡಬೇಡಿ, ಒಳಗೆ ಏನು ಎಷ್ಟು ಮಿಲಿಗ್ರಾಂ ಇದೆ ಎಂಬ ಸಾಲನ್ನು ಓದಿ. ನೋವಿನ ಮಾತ್ರೆಗಳಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಮೂರು ಜಾತಿ.

ಒಂದನೆಯದು: ಪ್ಯಾರಾಸಿಟಮಾಲ್

ಇದು ನೋವನ್ನೂ ಜ್ವರವನ್ನೂ ತಗ್ಗಿಸುತ್ತದೆ. ಊತ, ಬಾವು ಇದ್ದರೆ ಅದರ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ. ಜಠರಕ್ಕೆ ಸೌಮ್ಯ. ಆದರೆ ಪ್ರಮಾಣ ಮೀರಿದರೆ ಲಿವರ್ ಕೆಡಿಸುತ್ತದೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ 4,000 ಮಿಲಿಗ್ರಾಂ ಮೇಲ್ಮಿತಿ. ಅಂದರೆ 500ರ ಮಾತ್ರೆ 8, ಇಲ್ಲವೇ 650ರ ಮಾತ್ರೆ 6. ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರ ಬೇಕು. ಕುಡಿಯುವ ಅಭ್ಯಾಸ ಇರುವವರು, ಲಿವರ್ ತೊಂದರೆ ಇರುವವರು, ತೂಕ ತೀರ ಕಡಿಮೆ ಇರುವವರು ಇದಕ್ಕಿಂತ ಕಡಿಮೆಯಲ್ಲಿಯೇ ನಿಲ್ಲಬೇಕು, ಎಷ್ಟು ಎಂಬುದನ್ನು ಡಾಕ್ಟರರೇ ಹೇಳಬೇಕು. ನೆಗಡಿಯ ಮಾತ್ರೆಯಲ್ಲಿ, ಸೊಂಟನೋವಿನ ಮಾತ್ರೆಯಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು: ಉರಿಯೂತ ತಗ್ಗಿಸುವ ಮಾತ್ರೆಗಳು

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಮೆಫೆನಮಿಕ್ ಆಸಿಡ್, ನಿಮೆಸುಲೈಡ್, ಎಟೋರಿಕಾಕ್ಸಿಬ್, ಹಳೆಯ ಆಸ್ಪಿರಿನ್, ಇವೆಲ್ಲ ಒಂದೇ ಕುಟುಂಬ.

ಪೆಟ್ಟಾದ ಜಾಗದಲ್ಲಿ ನಮ್ಮ ದೇಹವೇ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಅದರಿಂದ ಜಾಗ ಕೆಂಪಾಗಿ, ಊದಿ, ನೋಯುತ್ತದೆ. ಆಸ್ಪಿರಿನ್ 1899ರಿಂದ ಮಾರಾಟದಲ್ಲಿದ್ದರೂ ಅದು ಈ ವಸ್ತುವಿನ ತಯಾರಿಯನ್ನೇ ತಡೆಯುತ್ತದೆ ಎಂದು ಗೊತ್ತಾದದ್ದು 1971ರಲ್ಲಿ. ಅದನ್ನು ತೋರಿಸಿಕೊಟ್ಟ ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್ ಅವರಿಗೆ 1982ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು.

ತೊಡಕು ಇರುವುದು ಇಲ್ಲಿ. ಇದೇ ಪ್ರೊಸ್ಟಾಗ್ಲಾಂಡಿನ್ ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತದೆ, ಕಿಡ್ನಿಗೆ ರಕ್ತ ಸರಿಯಾಗಿ ಹೋಗುವಂತೆ ನೋಡಿಕೊಳ್ಳುತ್ತದೆ. ಮಾತ್ರೆ ತಿನ್ನುವುದೆಂದರೆ ಅಡುಗೆಮನೆಯ ಮುಖ್ಯ ಗ್ಯಾಸ್ ವಾಲ್ವ್ ಬಂದ್ ಮಾಡಿದ ಹಾಗೆ. ಹೊತ್ತಿ ಉರಿಯುವ ಒಲೆಯೂ ಆರುತ್ತದೆ, ಹಾಲು ಕಾಯುವ ಒಲೆಯೂ ಆರುತ್ತದೆ.

ಆದ್ದರಿಂದಲೇ ತೊಂದರೆಗಳು: ಜಠರದಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು, ಬಿಪಿ ಏರುವುದು, ಕೆಲವರಿಗೆ ಹೃದಯಾಘಾತದ ಅಪಾಯ. ತಿಂಡಿ ತಿಂದು ತೆಗೆದುಕೊಂಡರೆ ಏನೂ ಆಗುವುದಿಲ್ಲ ಎಂದು ನಾವು ನಂಬಿದ್ದೆವು. ಅದು ಅರ್ಧ ಸತ್ಯ. ತಿಂಡಿಯಿಂದ ಹೊಟ್ಟೆ ಉರಿ ಕಡಿಮೆಯಾಗಬಹುದು, ಆದರೆ ಔಷಧ ರಕ್ತದ ಮೂಲಕವೂ ಜಠರಕ್ಕೆ ತಲುಪುತ್ತದೆ. ‘ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬಾ’ ಎಂದು ಕಳಿಸುತ್ತೇವಲ್ಲ, ಆ ಇಂಜೆಕ್ಷನ್ನಿನಿಂದಲೂ ಹುಣ್ಣಾಗಬಹುದು.

ಕಿಡ್ನಿಯ ವಿಷಯ ನಮ್ಮ ಉದ್ಯಮಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಒಲೆಯ ಮುಂದೆ ನಿಂತವನು ಬೆವರು ಸುರಿಸುತ್ತಾನೆ, ಗಿರಾಕಿ ನೂಕುನುಗ್ಗಲಿನಲ್ಲಿ ನೀರು ಕುಡಿಯುವುದಿಲ್ಲ. ದೇಹದಲ್ಲಿ ನೀರು ಕಡಿಮೆ ಇರುವಾಗ ಈ ಮಾತ್ರೆ ಬಿದ್ದರೆ ಕಿಡ್ನಿಗೆ ಅಪಾಯ ಹೆಚ್ಚು. ಬಿಪಿಯ ಕೆಲವು ಮಾತ್ರೆಗಳು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಇನ್ನೂ ಹೆಚ್ಚು.

ಡೈಕ್ಲೋಫೆನಾಕ್ ಕಿಡ್ನಿಗೆ ಏನು ಮಾಡಬಲ್ಲದು ಎಂಬುದಕ್ಕೆ ರಣಹದ್ದುಗಳ ಕಥೆ ಕೇಳಿ. ನಮ್ಮ ದೇಶದಲ್ಲಿ ರಣಹದ್ದುಗಳು ಏಕೆ ಕಾಣೆಯಾದವು ಎಂಬುದಕ್ಕೆ 2004ರಲ್ಲಿ ಉತ್ತರ ಸಿಕ್ಕಿತು. ಈ ಔಷಧ ಕೊಟ್ಟಿದ್ದ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಸರ್ಕಾರ ದನಗಳಿಗೆ ಇದರ ಬಳಕೆ ನಿಲ್ಲಿಸಿತು. ಕರ್ನಾಟಕ ಸರ್ಕಾರ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿದ್ದು 2012ರಲ್ಲಿ. ಮನುಷ್ಯರ ಕಿಡ್ನಿ ಹದ್ದಿನಷ್ಟು ಸೂಕ್ಷ್ಮವಲ್ಲ, ಹೆದರಬೇಕಾಗಿಲ್ಲ. ಆದರೆ ಪೆಪ್ಪರಮಿಂಟಿನಂತೆ ಹಂಚುವ ವಸ್ತು ಇದಲ್ಲ ಎಂಬುದಕ್ಕೆ ಇಷ್ಟು ಸಾಕು.

ಸರ್ಕಾರಗಳೂ ಈ ಕುಟುಂಬದ ಮೇಲೆ ಕಣ್ಣಿಟ್ಟಿವೆ. ರೋಫೆಕಾಕ್ಸಿಬ್ ಎಂಬ ಬಹಳ ಹೆಸರಾದ ಮಾತ್ರೆಯನ್ನು ಹೃದಯಾಘಾತದ ಕಾರಣಕ್ಕೆ 2004ರಲ್ಲಿ ಪ್ರಪಂಚದಾದ್ಯಂತ ಹಿಂದೆಗೆದುಕೊಳ್ಳಲಾಯಿತು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತು. 2025ರ ಡಿಸೆಂಬರ್‌ನಲ್ಲಿ 100 ಮಿಲಿಗ್ರಾಂಗಿಂತ ಹೆಚ್ಚಿನ ಸಾಮಾನ್ಯ ನಿಮೆಸುಲೈಡ್ ಮಾತ್ರೆಗಳನ್ನೂ ನಿಷೇಧಿಸಿತು. ಹಳೆಯ ದಾಸ್ತಾನು ಡ್ರಾಯರಿನಲ್ಲಿ ಇದ್ದರೆ ಎಸೆಯಿರಿ.

ಈ ಜಾತಿಯ ಮಾತ್ರೆಯನ್ನು ಡಾಕ್ಟರರನ್ನು ಕೇಳದೆ ಕೊಡಲೇಬಾರದವರು: ಹಿಂದೆ ಹುಣ್ಣಾದವರು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ಬಿಪಿ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಆಸ್ತಮಾ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು.

ಮಳೆಗಾಲದ ಜ್ವರಕ್ಕಂತೂ ಇವು ಬೇಡವೇ ಬೇಡ. 2006ರ ಚಿಕುನ್‌ಗುನ್ಯ ನಮಗೆಲ್ಲ ನೆನಪಿದೆ, ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಜನ ಗಂಟುನೋವಿನಿಂದ ಏಳಲಾರದೆ ಮಲಗಿದ್ದರು. ಡೆಂಗಿಯೂ ಹಾಗೆಯೇ ಮೈಕೈ ನೋವಿನಿಂದ ಶುರುವಾಗುತ್ತದೆ. ಡೆಂಗಿಯಲ್ಲಿ ರಕ್ತಸ್ರಾವದ ಭಯ ಇರುವುದರಿಂದ, ಅದು ಡೆಂಗಿ ಅಲ್ಲವೆಂದು ಪರೀಕ್ಷೆಯಲ್ಲಿ ತಿಳಿಯುವ ತನಕ ಪ್ಯಾರಾಸಿಟಮಾಲ್ ಮತ್ತು ನೀರು ಇಷ್ಟೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟಬಾರದು.

ಮೂರನೆಯದು: ಸ್ನಾಯು ಸಡಿಲಿಸುವ ಔಷಧಗಳು

ಭಾರ ಎತ್ತುವಾಗ ಸೊಂಟ ‘ಕಟಕ್’ ಎಂದು ಹಿಡಿದುಕೊಳ್ಳುತ್ತದೆ. ಪೆಟ್ಟಾದ ಭಾಗ ಅಲ್ಲಾಡದಿರಲಿ ಎಂದು ಸುತ್ತಲಿನ ಸ್ನಾಯುಗಳು ಬಿಗಿಯುವುದೇ ಈ ಸೆಳೆತ. ಇದಕ್ಕೆ ಕ್ಲೋರ್‌ಜಾಕ್ಸಜೋನ್, ಥಯೋಕಾಲ್ಚಿಕೋಸೈಡ್, ಟಿಜಾನಿಡಿನ್, ಬ್ಯಾಕ್ಲೋಫೆನ್ ಮುಂತಾದವನ್ನು ಬರೆದು ಕೊಡುತ್ತಾರೆ.

ಇವು ನೇರವಾಗಿ ಸೊಂಟಕ್ಕೆ ಹೋಗಿ ಕೆಲಸ ಮಾಡುತ್ತವೆ ಎಂದು ನಾವು ತಿಳಿದಿದ್ದೆವು. ಹಾಗಲ್ಲ. ಇವು ಕೆಲಸ ಮಾಡುವುದು ಮುಖ್ಯವಾಗಿ ಮಿದುಳು ಮತ್ತು ಬೆನ್ನುಹುರಿಯ ಮೇಲೆ. ಆದ್ದರಿಂದ ತೂಕಡಿಕೆ, ತಲೆಸುತ್ತು ಬರುತ್ತದೆ. ಕುದಿಯುವ ಎಣ್ಣೆಯ ಬಾಣಲೆ, ತಿರುಗುವ ಗ್ರೈಂಡರ್, ತರಕಾರಿ ಕತ್ತರಿಸುವ ಯಂತ್ರ, ರಾತ್ರಿ ಸಾಮಾನು ತರಲು ಸ್ಕೂಟರ್, ಇವುಗಳ ಹತ್ತಿರ ಈ ಮಾತ್ರೆ ತಿಂದವನನ್ನು ಬಿಡಬಾರದು. ಜೊತೆಗೆ ಮದ್ಯ ಸೇರಿದರೆ ಅಪಾಯ ಇಮ್ಮಡಿ.

ನೆನಪಿಡಬೇಕಾದ ನಾಲ್ಕು ಮಾತು:

1. ಟಿಜಾನಿಡಿನ್ ತಿನ್ನುವವರು ಭೇದಿಗೆಂದು ಸಿಪ್ರೊಫ್ಲಾಕ್ಸಾಸಿನ್ ತಿನ್ನಬಾರದು. ಎರಡೂ ಸೇರಿದರೆ ಬಿಪಿ ಒಮ್ಮೆಲೇ ಕುಸಿಯಬಹುದು.

2. ಥಯೋಕಾಲ್ಚಿಕೋಸೈಡ್ ಮಾತ್ರೆ 7 ದಿನಕ್ಕಿಂತ ಹೆಚ್ಚು ಬೇಡ, ಗರ್ಭಿಣಿಯರಿಗೆ ಬೇಡವೇ ಬೇಡ ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಹೇಳಿದೆ.

3. ಬ್ಯಾಕ್ಲೋಫೆನ್ ಬಹುದಿನ ತಿಂದವರು ಏಕಾಏಕಿ ನಿಲ್ಲಿಸಬಾರದು. ಡಾಕ್ಟರರು ಹಂತ ಹಂತವಾಗಿ ಇಳಿಸುತ್ತಾರೆ.

4. ಕ್ಲೋರ್‌ಜಾಕ್ಸಜೋನ್‌ನಿಂದ ಕೆಲವರಿಗೆ ಲಿವರ್ ತೊಂದರೆ ಆಗುವುದುಂಟು. ಕಣ್ಣು ಹಳದಿಯಾದರೆ ತಡಮಾಡದೆ ತೋರಿಸಬೇಕು.

ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಬೇರೆ ವಿಷಯ. ಇಡೀ ದಿನ ನಿಂತು ಬೆವರಿದವರಿಗೆ ಇದು ಸಾಮಾನ್ಯ. ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ ಬಿಡುತ್ತದೆ. ನೀರು ಬೇಕು, ಮಾತ್ರೆ ಬೇಡ. ಪದೇ ಪದೇ ಬಂದರೆ ಪರೀಕ್ಷೆ ಮಾಡಿಸಿ.

ಮುಲಾಮು, ಜೆಲ್, ಹೆಸರಿಲ್ಲದ ಪುಡಿ

ಮೊಣಕಾಲು, ಮಣಿಕಟ್ಟಿನ ನೋವಿಗೆ ಡೈಕ್ಲೋಫೆನಾಕ್ ಜೆಲ್ ಒಳ್ಳೆಯದು. ಮಾತ್ರೆಗಿಂತ ಬಹಳ ಕಡಿಮೆ ಔಷಧ ರಕ್ತಕ್ಕೆ ಹೋಗುತ್ತದೆ. ಗಾಯದ ಮೇಲೆ ಹಚ್ಚಬಾರದು, ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬಾರದು. ಕೈಯನ್ನು ಸೋಪಿನಿಂದ ತೊಳೆಯದೆ ಹಿಟ್ಟಿಗೆ ಕೈ ಹಾಕಬಾರದು. ‘ಅಣ್ಣಾ, ಚಟ್ನಿಗೆ ಬಾಮ್ ವಾಸನೆ’ ಎಂದು ಗಿರಾಕಿಯೊಬ್ಬರು ನಮಗೆ ಹೇಳಿದ್ದುಂಟು.

ಊರಿನಿಂದ, ಸಂತೆಯಿಂದ ಹುಡುಗರು ತರುವ ಹೆಸರಿಲ್ಲದ ವಾತದ ಪುಡಿ, ಗುಳಿಗೆಗಳ ಬಗ್ಗೆ ಎಚ್ಚರ ಇರಲಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ನೋವು ಮಾಯವಾಗುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ.

ನೋವಲ್ಲ, ಅಪಾಯದ ಸೂಚನೆ

ಕೆಳಗಿನ ಯಾವುದೇ ಲಕ್ಷಣ ಕಂಡರೆ ಮಾತ್ರೆ ಹುಡುಕುತ್ತ ಕೂರಬೇಡಿ, ಆಸ್ಪತ್ರೆಗೆ ಒಯ್ಯಿರಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿಯೂ ಆಂಬುಲೆನ್ಸಿಗೆ 108.

• ಡಾಂಬರಿನಂತೆ ಕಪ್ಪು ಮಲ, ಕಾಫಿ ಚರಟದಂಥ ವಾಂತಿ.
• ಎದೆಯಿಂದ ಎಡಗೈ, ದವಡೆ, ಬೆನ್ನಿಗೆ ಹರಡುವ ನೋವು, ಜೊತೆಗೆ ತಣ್ಣನೆಯ ಬೆವರು. ಇದು ಭುಜದ ಉಳುಕಲ್ಲ, ಹೃದಯವಿರಬಹುದು.
• ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದು ಬಲ ಹೋಗುವುದು, ಮಲಮೂತ್ರದ ಹಿಡಿತ ತಪ್ಪುವುದು.
• ಮಾತ್ರೆ ತಿಂದ ಮೇಲೆ ಮೂತ್ರ ಕಡಿಮೆಯಾಗುವುದು, ಕಾಲು ಮುಖ ಊದುವುದು, ಉಸಿರು ಕಟ್ಟುವುದು, ಮೈಮೇಲೆ ಗುಳ್ಳೆ ಏಳುವುದು.

ಔಷಧದಿಂದ ಅಡ್ಡ ಪರಿಣಾಮವಾದರೆ ಭಾರತೀಯ ಫಾರ್ಮಾಕೋಪಿಯಾ ಆಯೋಗದ ಉಚಿತ ದೂರವಾಣಿ 1800-180-3024ಕ್ಕೆ ನಾವು ಸಾಮಾನ್ಯರೂ ತಿಳಿಸಬಹುದು.

ಮಾತ್ರೆಯ ಬದಲು ಏನು?

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಮೂರು ತಿಂಗಳಿಗಿಂತ ಹೆಚ್ಚಿನ ಸೊಂಟನೋವಿಗೆ ವ್ಯಾಯಾಮ, ತಿಳುವಳಿಕೆ ಇವನ್ನು ಅದು ಮುಂದಿಟ್ಟಿದೆ. ಉರಿಯೂತದ ಮಾತ್ರೆಯನ್ನು ಬೇಕಾದರೆ ನೋಡಿ ಕೊಡಬಹುದು ಎಂದಿದೆ. ಸ್ನಾಯು ಸಡಿಲಿಸುವ ಮಾತ್ರೆಗಳನ್ನು ಅದಕ್ಕಾಗಿ ನಿತ್ಯ ಕೊಡಬೇಡಿ ಎಂದಿದೆ. ಅಂದರೆ ನಾವು ಇಪ್ಪತ್ತು ವರ್ಷ ಹಂಚಿದ ಮೂರರಲ್ಲಿ ಒಂದು, ಆ ನೋವಿಗೆ ನಿತ್ಯ ಕೊಡುವ ಔಷಧವೇ ಆಗಿರಲಿಲ್ಲ.

ನೋವು ಬರುತ್ತಿದ್ದುದು ನಮ್ಮ ಅಡುಗೆಮನೆಯಿಂದ. ಹಾಗಾಗಿ ನಾವು ಮಾಡಿದ ಬದಲಾವಣೆಗಳು ಇವು:

1. ದೋಸೆ ಕಾವಲಿಯ ಕಟ್ಟೆ ಭಟ್ಟರ ಎತ್ತರಕ್ಕೆ ತಗ್ಗಾಗಿತ್ತು. ಇಡೀ ದಿನ ಬಗ್ಗಿಯೇ ನಿಲ್ಲುತ್ತಿದ್ದರು. ಕಟ್ಟೆ ಎತ್ತರಿಸಿದೆವು. ಕುಳ್ಳಗಿನ ಹುಡುಗರಿಗೆ ನಿಲ್ಲಲು ಮಣೆ ಇಟ್ಟೆವು.

2. 50 ಕಿಲೋ ಅಕ್ಕಿ ಮೂಟೆಯ ಬದಲು 25 ಕಿಲೋದ್ದು ತರಿಸುತ್ತೇವೆ. ಸಾಂಬಾರಿನ ಹಂಡೆಯನ್ನು ಇಬ್ಬರೇ ಎತ್ತಬೇಕು.

3. ಒಲೆಯ ಪಕ್ಕದಲ್ಲಿಯೇ ಕುಡಿಯುವ ನೀರಿನ ಜಗ್ಗು. ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ. ಬಿಪಿ, ಕಿಡ್ನಿ ತೊಂದರೆ ಇರುವವರಿಗೆ ಉಪ್ಪಿಲ್ಲದೆ.

4. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕುಳಿತುಕೊಳ್ಳಲು ಸ್ಟೂಲು. ಒಬ್ಬನೇ ದಿನವಿಡೀ ಕಾವಲಿಯ ಮುಂದೆ ಇಲ್ಲ, ಇಬ್ಬರು ಸರದಿಯಲ್ಲಿ.

5. ಎಲ್ಲರ ಹೆಸರೂ ಇ.ಎಸ್.ಐ.ನಲ್ಲಿ. ಹತ್ತು ಅಥವಾ ಹೆಚ್ಚು ಜನ ಕೆಲಸದಲ್ಲಿದ್ದರೆ ಇದು ನಮಗೆ ಕಡ್ಡಾಯ. 2019ರ ಜುಲೈಯಲ್ಲಿ ಮಾಲಕರ ಪಾಲನ್ನು ಸಂಬಳದ ಶೇಕಡಾ 3.25ಕ್ಕೆ, ಕೆಲಸಗಾರರದನ್ನು 0.75ಕ್ಕೆ ಇಳಿಸಲಾಯಿತು. ಪುಣೆಯಲ್ಲಿ ಬಿಬ್ವೇವಾಡಿಯಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ದುಡ್ಡು ಕಟ್ಟಿದ ಮೇಲೆ ಹುಡುಗರನ್ನು ಅಲ್ಲಿಗೆ ಕಳಿಸಲು ಅರ್ಧ ದಿನ ರಜೆ ಕೊಡುವ ಮನಸ್ಸೂ ನಮಗೆ ಬೇಕು.

6. ಡ್ರಾಯರಿನಲ್ಲಿ ಕೆಂಪು ಗೆರೆ, ಆರ್‌ಎಕ್ಸ್ ಗುರುತು ಇರುವ ಯಾವ ಪಟ್ಟಿಯೂ ಇಲ್ಲ. ಅವು ಡಾಕ್ಟರರ ಚೀಟಿ ಇಲ್ಲದೆ ಮಾರಬಾರದವು. ಮಾರಬಾರದ್ದನ್ನು ನಾವು ಹಂಚಲೂಬಾರದು. ಈಗ ಅಲ್ಲಿರುವುದು ಪ್ಯಾರಾಸಿಟಮಾಲ್ 500, ಓಆರ್‌ಎಸ್ ಪೊಟ್ಟಣ, ಮತ್ತು ಒಂದು ವಹಿ. ಯಾರಿಗೆ, ಯಾವ ದಿನ, ಎಷ್ಟು ಗಂಟೆಗೆ ಕೊಟ್ಟೆವು ಎಂದು ಬರೆಯುತ್ತೇವೆ. ಒಂದೇ ಹೆಸರು ಮೂರು ದಿನ ಬಂತೆಂದರೆ ನಾಲ್ಕನೇ ದಿನ ಅವನಿಗೆ ಮಾತ್ರೆ ಇಲ್ಲ, ಡಾಕ್ಟರು.

ಭಟ್ಟರು ಎರಡು ತಿಂಗಳ ನಂತರ ಊರಿನಿಂದ ತಿರುಗಿ ಬಂದರು. ಈಗ ಅವರು ಹಿಟ್ಟಿನ ಹದ ನೋಡುತ್ತಾರೆ, ಹುಡುಗರಿಗೆ ಕೆಲಸ ಕಲಿಸುತ್ತಾರೆ, ಬೆಳಿಗ್ಗೆ ನಾಗನಾಥ ಪಾರಿನ ತನಕ ನಡೆದು ಬರುತ್ತಾರೆ. ಬಂದ ದಿನ ನಾವು, “ಭಟ್ರೇ, ನಮ್ಮಿಂದ ತಪ್ಪಾಯಿತು” ಎಂದೆವು. ಅವರು, “ಹಾಗೆ ಹೇಳಬೇಡಿ ಮಾಲಕರೇ, ನೀವು ಕೊಟ್ಟ ಮಾತ್ರೆಯಿಂದಲೇ ಅಲ್ಲವೇ ನಾನು ಇಷ್ಟು ವರ್ಷ ನಿಂತದ್ದು” ಎಂದರು. ಬೈದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ. ಕುಳಿತುಕೊಳ್ಳಬೇಕಾಗಿದ್ದ ಮನುಷ್ಯನನ್ನು ಮಾತ್ರೆ ಕೊಟ್ಟು ನಾವು ನಿಲ್ಲಿಸಿದ್ದೆವು.

ಇದನ್ನು ಓದಿದ ಸದಸ್ಯರು ದಯವಿಟ್ಟು ಇಂದೇ ತಮ್ಮ ಡ್ರಾಯರ್ ತೆಗೆದು ಒಮ್ಮೆ ನೋಡಬೇಕು. ಪಟ್ಟಿ ಇದ್ದರೆ ಅದರ ಮೇಲಿನ ಸಣ್ಣ ಅಕ್ಷರ ಓದಬೇಕು. ತಿಳಿಯದಿದ್ದರೆ ಹತ್ತಿರದ ಮೆಡಿಕಲ್ ಅಂಗಡಿಯವರನ್ನು ಕೇಳಬೇಕು. ಕೇಳಲು ನಾಚಿಕೆ ಬೇಡ, ಹತ್ತನೇ ಓದಿದ ನಾವೂ ಕೇಳಿಯೇ ಕಲಿತದ್ದು.